ಪಂಖದ ವಿಮಾನ

ಕಪಾಟಿನ ಮೇಲಿನ ಅರೆಯಿಂದ ನೀಲಿ ಕೋಟು ಇಳಿಸಿದ್ದೇ ತಡ, ನುಸಿಗುಳಿಗೆಯ ವಾಸನೆ ಮೂಗಿಗೆ ಹೊಡೆಯಿತು. ಗುರುವಾರ ನನಗೆ ಇಂಟರ್‌ವ್ಯೂ. ದಿನಾ ವಿಮಾನ ಹಾರಿಸುವವಳಿಗೂ ಇಂಟರ್‌ವ್ಯೂ ಅಂದರೆ ಹೆದರಿಕೆಯೇ, ನಂಬಿ. ತೋಳು ತೂರಿಸಿ ನೋಡಿದೆ, ಭುಜದಲ್ಲಿ ಬಿಗಿ. ಬಟ್ಟೆ ಕುಗ್ಗಿದೆ ಎಂದು ಸಮಾಧಾನ ಮಾಡಿಕೊಂಡೆ.

ಇದನ್ನು ಹೊಲಿಸಿದ್ದು ಎಷ್ಟೋ ವರ್ಷದ ಹಿಂದೆ, ಮುಂಬಯಿ ಹತ್ತಿರದ ಕಲ್ಯಾಣದಲ್ಲಿ, ನನ್ನ ಮೊದಲ ಇಂಟರ್‌ವ್ಯೂಗೆಂದು ಅಪ್ಪನ ಒತ್ತಾಯಕ್ಕೆ. ಅಪ್ಪ ಉಡುಪಿ ಕಡೆಯವರು, ಆಗ ಡೊಂಬಿವಲಿ ಸ್ಟೇಷನ್ ಹತ್ತಿರ ಸಸ್ಯಾಹಾರಿ ಹೋಟೆಲು ನಡೆಸುತ್ತಿದ್ದರು. ಪೈಲಟ್ ಲೈಸೆನ್ಸ್ ಸಿಕ್ಕಿ ವರ್ಷಗಳಾದರೂ ಆಗಿನ್ನೂ ನನಗೆ ಕೆಲಸವಿರಲಿಲ್ಲ. ಅಪ್ಪನ ಗಲ್ಲೆಯಲ್ಲಿ, ಹಣದ ಪೆಟ್ಟಿಗೆಯ ಮುಂದೆ ಕೂತು ಟೋಕನ್ ಹರಿಯುತ್ತಿದ್ದೆ. "ಪೈಲಟ್ ಮೇಡಂ, ಏಕ್ ಮಸಾಲಾ, ದೋ ಚಾಯ್" ಎಂದು ಗಿರಾಕಿಗಳು ತಮಾಷೆ ಮಾಡುವರು. ನಾನೂ ನಗುವೆ. ಮನೆಗೆ ಬಂದ ಮೇಲೆ ಆ ನಗು ಇರುತ್ತಿರಲಿಲ್ಲ.

ಹಾಗಿರುವಾಗ ಎರಡು ಕಂಪನಿಗಳಿಂದ ಒಟ್ಟಿಗೇ ಕರೆ ಬಂತು. ಒಂದರ ಹೆಸರು ಹೇಳಿದರೆ ರಿಕ್ಷಾದವನಿಗೂ ಗೊತ್ತು; ಜೆಟ್ ವಿಮಾನ, ನೌಕರಿ ದಿಲ್ಲಿಯಲ್ಲಿ. ಇನ್ನೊಂದು ಮುಂಬಯಿಯಿಂದ ಬೆಳಗಾವಿ, ಕೊಲ್ಲಾಪುರದಂಥ ಊರುಗಳಿಗೆ ಪ್ರೊಪೆಲ್ಲರ್ ವಿಮಾನ, ಅಂದರೆ ರೆಕ್ಕೆಯ ಮೇಲೆ ಪಂಖ ತಿರುಗುವ ವಿಮಾನ, ಹಾರಿಸುವ ಸಣ್ಣ ಕಂಪನಿ.

ದೊಡ್ಡವರಲ್ಲಿ ಎಲ್ಲವೂ ಸುಸೂತ್ರ. ಬಾಯಿಪಾಠ ಮಾಡಿದ ಉತ್ತರಗಳನ್ನು ಒಪ್ಪಿಸಿದೆ. ನೆಲದ ಮೇಲೇ ಇರುವ ವಿಮಾನದ ಮಾದರಿ, ಸಿಮ್ಯುಲೇಟರ್ ಅನ್ನುತ್ತಾರಲ್ಲ, ಅದರಲ್ಲೂ ತಪ್ಪಿಲ್ಲದೆ ಹಾರಿಸಿದೆ. ಪರೀಕ್ಷಕರು "ನೆಕ್ಸ್ಟ್" ಅಂದರು. ಅವರ ಮುಖ ಹೇಗಿತ್ತೆಂದು ಈಗ ಕೇಳಿದರೆ ಹೇಳಲಾರೆ.

ಸಣ್ಣ ಕಂಪನಿಯಲ್ಲಿ ಕತೆ ಬೇರೆ. ಎದುರಿಗಿದ್ದವರು ನರೆಗೂದಲಿನ ಒಬ್ಬ ಮಹಿಳಾ ಕ್ಯಾಪ್ಟನ್. "ನಮ್ಮಲ್ಲಿಗೇ ಯಾಕೆ ಬರಬೇಕು ಅನ್ನಿಸಿತು?" ಎಂದು ಕೇಳಿದರು. ಮೊದಲ ಇಂಟರ್‌ವ್ಯೂವಿನ ಉತ್ತರ ನಾಲಿಗೆ ತುದಿಯಲ್ಲೇ ಇತ್ತಲ್ಲ, "ನಿಮ್ಮ ಜೆಟ್ ವಿಮಾನಗಳೆಂದರೆ ನನಗೆ ಬಹಳ ಇಷ್ಟ" ಅಂದುಬಿಟ್ಟೆ. ಅವರು ಕನ್ನಡಕ ತೆಗೆದು, "ನಮಗೂ ಇಷ್ಟವೇ. ಆದರೆ ನಮ್ಮಲ್ಲಿ ಒಂದೂ ಇಲ್ಲವಲ್ಲ!" ಎಂದು ನಕ್ಕರು.

ಅಲ್ಲಿಗೆ ಮುಗಿಯಿತು ಅಂದುಕೊಂಡೆ. ಸಿಮ್ಯುಲೇಟರಿನಲ್ಲಿ ಇನ್ನೂ ಕೆಟ್ಟಿತು. ನೆಲ ಬಿಟ್ಟ ಕೂಡಲೇ ಒಂದು ಎಂಜಿನ್ ನಿಲ್ಲಿಸಿದರು. ಗಾಬರಿಯಲ್ಲಿ ತಪ್ಪು ಪೆಡಲ್ ಒತ್ತಿದೆ, ವಿಮಾನ ವಾಲಿತು. ಕ್ಯಾಪ್ಟನ್ ಯಂತ್ರ ನಿಲ್ಲಿಸಿ, "ಈಗ ಏನು ಕಂಡಿತು, ಹೇಳು" ಅಂದರು. ಯಾವ ಎಂಜಿನ್ ನಿಂತಿತ್ತು, ಯಾವ ಪೆಡಲ್ ಒತ್ತಬೇಕಿತ್ತು ಎಂದು ತೊದಲುತ್ತ ಹೇಳಿದೆ. "ಸರಿ, ಗೊತ್ತಾಗಿದೆ ನಿನಗೆ. ಇನ್ನೊಮ್ಮೆ ಮಾಡು." ಎರಡನೇ ಸಲ ವಿಮಾನ ನೆಟ್ಟಗೆ ಏರಿತು. ಬೆವರಿ ಒದ್ದೆಯಾಗಿ ಕೆಳಗಿಳಿದೆ. ಆದರೂ ಲೋಕಲ್ ಟ್ರೇನಿನಲ್ಲಿ ಮನೆ ಸೇರುವವರೆಗೆ ಒಳಗೊಳಗೇ ಖುಷಿ.

ಎರಡೂ ಕಡೆ ಆಯ್ಕೆಯಾದೆ. ನನ್ನನ್ನು ಒಂದು ಮಾತೂ ಕೇಳದೆ ಅಪ್ಪ ಗಿರಾಕಿಗಳಿಗೆಲ್ಲ ಕೇಸರಿಬಾತು ಹಂಚಿ, ದೊಡ್ಡ ಕಂಪನಿಯ ಹೆಸರು ಹೇಳಿ ಆಗಿತ್ತು. ಸಂಜೆ ನಾನು, "ಅಪ್ಪ, ಸಣ್ಣದಕ್ಕೆ ಹೋಗ್ತೇನೆ. ಎಡವಿದರೆ ಕಲಿಸುವವರು ಅಲ್ಲಿದ್ದಾರೆ" ಅಂದೆ.

"ಪಂಖದ ವಿಮಾನವಾ? ನಿನಗೆಂತ ಮರ್ಲಾ, ತಲೆ ಕೆಟ್ಟಿದೆಯಾ ಮಾರಾಯ್ತಿ? ನಾನು ಜನರಿಗೆ ಎಂತ ಹೇಳುವುದು?"

ಆಮೇಲೆ ಮಾತೇ ಬಂದ್. ಊಟಕ್ಕೆ ಕೂತಾಗ ನಾನು ಎದುರಿಗೇ ಇದ್ದರೂ ಅಮ್ಮನಿಗೆ, "ಅವಳಿಗೆ ಸಾರು ಬೇಕಾ ಕೇಳು" ಅನ್ನುವರು. ನಾನೂ ಅಮ್ಮನಿಗೇ, "ಸಾಕು ಅಂತ ಹೇಳು" ಅನ್ನುತ್ತಿದ್ದೆ. ಪಾಪ, ಅಮ್ಮ ಸೌಟು ಹಿಡಿದು ನಡುವೆ ನಿಂತಿರುತ್ತಿದ್ದಳು. ಅಪ್ಪನ ಮನಸ್ಸು ಮುರಿದು ನೌಕರಿಗೆ ಸೇರುವುದು ಹೇಗೆಂದು ನನಗೆ ನಿದ್ದೆಯೇ ಹತ್ತುತ್ತಿರಲಿಲ್ಲ.

ಒಂದು ಬೆಳಿಗ್ಗೆ ಹೋಟೆಲಿನ ಹಿಂಬಾಗಿಲಿನಿಂದ ಒಳಗೆ ಬಂದೆ. ಗಲ್ಲೆಯ ಎದುರು ಭಿವಂಡಿಯ ಬಟ್ಟೆ ವ್ಯಾಪಾರಿಯೊಬ್ಬರು ನಿಂತು, "ಅಣ್ಣಾ, ಬೇಟಿ ದಿಲ್ಲಿ ಗಯೀ ಕ್ಯಾ?" ಎಂದು, ನಾನು ದಿಲ್ಲಿಗೆ ಹೋದೆನಾ ಅಂತ ಕೇಳುತ್ತಿದ್ದರು. ನನ್ನ ಕಾಲು ಅಲ್ಲೇ ನಿಂತಿತು. ಅಪ್ಪ ಚಿಲ್ಲರೆ ಕೊಡುತ್ತ, ಸ್ವಲ್ಪ ಎದೆ ಸೆಟೆಸಿ ಅಂದರು: "ಉನ್ ಲೋಗೋಂನೇ ಬಹುತ್ ಬುಲಾಯಾ. ಮೇರೀ ಬೇಟೀನೇ ಮನಾ ಕರ್ ದಿಯಾ!" ಅವರು ಎಷ್ಟು ಕರೆದರೂ ದೊಡ್ಡ ಕಂಪನಿಯನ್ನೇ ಬೇಡ ಅಂದ ಮಗಳು! ಕೇಸರಿಬಾತಿಗಿಂತ ದೊಡ್ಡ ಸುದ್ದಿ ಅವರಿಗೆ ಸಿಕ್ಕಿತ್ತು. ನಾನು ಸದ್ದಿಲ್ಲದೆ ಹಿಂದೆ ಸರಿದು, ಹೊರಗೆ ನಿಂತು, ಅತ್ತೆನೋ ನಕ್ಕೆನೋ, ಎರಡೂ ಇರಬೇಕು.

ಅದೇ ಸಣ್ಣ ಕಂಪನಿಯಲ್ಲಿ ಈಗ ನಾನೇ ಕ್ಯಾಪ್ಟನ್. ಹೋಟೆಲನ್ನು ತಮ್ಮ ನೋಡಿಕೊಳ್ಳುತ್ತಾನೆ. ಅಪ್ಪ, ಅಮ್ಮ ಮುಂಬಯಿ ಪಕ್ಕದ ಖಾರಘರದಲ್ಲಿ ನನ್ನೊಟ್ಟಿಗೆ ಇದ್ದಾರೆ. ಗುರುವಾರ ಇಂಟರ್‌ವ್ಯೂಗೆ ಕರೆದಿರುವ ಕಂಪನಿಯದು ಜೆಟ್ ವಿಮಾನ.

ಅಪ್ಪ ಬಾಗಿಲಲ್ಲಿ ಬಂದು ನಿಂತರು. "ಇದ್ದ ಕೆಲಸಕ್ಕೆ ಎಂತ ಆಗಿದೆ? ಒಳ್ಳೆ ಜನ ಉಂಟಲ್ಲ ಅಲ್ಲಿ?"

"ಒಳ್ಳೆಯವರೇ ಅಪ್ಪ. ಆದರೆ ಅಲ್ಲಿ ಈಗ ನಾನು ಕಲಿಸುವವಳು. ನನಗೆ ಪುನಃ ಕಲಿಯುವ ಆಸೆ."

ಅಪ್ಪ ನನ್ನ ಕೋಟಿನ ಕಾಲರ್ ಸರಿಮಾಡಿದರು. "ಆಯ್ತು, ಹೋಗಿ ಬಾ. ಈ ಸಲ ನೀನು ಹೇಳುವ ತನಕ ನಾನು ಯಾರಿಗೂ ಹೇಳುವುದಿಲ್ಲ."

ಆಮೇಲೆ ಬಾಲ್ಕನಿಯಿಂದ ಅವರ ಧ್ವನಿ ಕೇಳಿಸಿತು. ತಮ್ಮನಿಗೆ ಫೋನು: "ಅಕ್ಕನಿಗೆ ಜೆಟ್ಟಿನವರು ಕರೆದಿದ್ದಾರೆ ಮಾರಾಯ. ಯಾರಿಗೂ ಹೇಳ್ಬೇಡ ಆಯ್ತಾ."

ಗುರುವಾರದ ಹೆದರಿಕೆ ಎಲ್ಲಿ ಹೋಯಿತೋ, ಒಬ್ಬಳೇ ಕೂತು ನಗತೊಡಗಿದೆ.