ಭಾಷೆ ಹುಟ್ಟುವ ಮೊದಲೇ ಮಾತಾಡಿದ್ದಕ್ಕೆ

ಗೆಳೆಯರೇ, ಇವತ್ತು ನನ್ನನ್ನು ಶಿಲಾಯುಗದಿಂದ ಹೊರಗೆ ಹಾಕುವುದರಲ್ಲಿದ್ದರು. ಇಲ್ಲಿ ಕೋಲ್ಕತ್ತೆಯ ಸೆಕ್ಟರ್ ಫೈವಿನ ಐಟಿ ಕಂಪನಿಗಳಲ್ಲಿ ಕೆಲಸ ಮಾಡುವ ನಮ್ಮ ಕನ್ನಡದ ಹುಡುಗರು ಆದಿಮಾನವರು ಮಾತು ಕಲಿಯುವ ಕಿರುಚಿತ್ರ ತೆಗೆಯುತ್ತಿದ್ದಾರೆ. ತಾರಸಿಯೇ ಗುಹೆ. ನಾನು ಗೋಣಿಚೀಲ ಉಟ್ಟ ಮುದಿ ನಾಯಕ. ಬೆಂಕಿ ಹೊತ್ತಿದ ಕೂಡಲೇ "ಹುಷಾರು ಕಣ್ರಪ್ಪಾ!" ಎಂದುಬಿಟ್ಟೆ.

"ಅಂಕಲ್, ಭಾಷೆ ಇನ್ನೂ ಹುಟ್ಟಿಲ್ಲ!" ಎಂದಳು ನಿರ್ದೇಶಕಿ ನಿಶಾ.

"ಸೇಫ್ಟಿ ಫಸ್ಟ್, ಲ್ಯಾಂಗ್ವೇಜ್ ಸೆಕೆಂಡ್" ಎಂದು ವಾದಿಸಿದೆ. ಮತ್ತೆ ತೆಗೆದರು, ಮತ್ತೆ ಮಾತಾಡಿದೆ. ಇಡ್ಲಿ ತಂದಿದ್ದ ಉಡುಪಿಯ ಭಟ್ಟರು ಆಗಲೇ ಅಂಗಿ ಬಿಚ್ಚಿ, "ಆ ಗೋಣಿ ಇತ್ಲಾಗಿ ಕೊಡಿ ಮಾರಾಯ್ರೆ, ನಾನು ಮಾಡ್ತೇನೆ" ಎಂದು ನಿಂತಿದ್ದರು.

"ಲಾಸ್ಟ್ ಚಾನ್ಸ್, ಅಂಕಲ್."

ಆಗ ತೀರಿಹೋದ ನನ್ನ ಹೆಂಡತಿ ಶಾರದೆ ನೆನಪಾದಳು. ನಾನು ಎಷ್ಟೇ ಕೊರೆಯಲಿ, ಅವಳು ಸೊಪ್ಪು ಬಿಡಿಸುತ್ತಾ ಒಂದೇ ಒಂದು "ಹ್ಞೂಂ" ಅನ್ನುತ್ತಿದ್ದಳು. ಕೇಳಿಸಿತು, ಸಾಕು, ಊಟಕ್ಕೆ ಬನ್ನಿ, ಎಲ್ಲವೂ ಅದರಲ್ಲೇ ಇರುತ್ತಿತ್ತು. ಬೆಂಕಿ ನೋಡುತ್ತಾ ನಾನೂ ಹಾಗೇ "ಹ್ಞೂಂ" ಎಂದೆ.

"ಇದೇ ಅಂಕಲ್, ನಮ್ಮ ಸಿನಿಮಾದ ಫಸ್ಟ್ ವರ್ಡ್!" ಎಂದು ನಿಶಾ ಕುಣಿದಳು.

ಹೀಗೆ ಮನುಷ್ಯಕುಲದ ಮೊದಲ ಮಾತು ನಮ್ಮ ಅಡುಗೆಮನೆಯಿಂದ ಬಂತು. ಭಟ್ಟರು ಮತ್ತೆ ಅಂಗಿ ಹಾಕಿಕೊಂಡರು. ನನಗೆ ಮಾತ್ರ ಇಡ್ಲಿಯನ್ನು ಎಲ್ಲರಿಗಿಂತ ಕೊನೆಗೆ ಬಡಿಸಿದರು.