ಕಾಗದದ ಮೂಲೆಯ ಅರಿಶಿನ

ಇವತ್ತು ಅಂಚೆಯಲ್ಲಿ ಲಗ್ನಪತ್ರಿಕೆಯೊಂದು ಬಂತು, ಹೊಳೆನರಸೀಪುರದ ಸೋದರತ್ತೆಯ ಮೊಮ್ಮಗನದು. ನಾಲ್ಕು ಮೂಲೆಗೂ ಅರಿಶಿನ. ಮೂಸಿದೆ, ವಾಸನೆಯೇ ಇಲ್ಲ. ಪ್ರೆಸ್ಸಿನವರೇ ಹಳದಿ ಅಚ್ಚು ಹಾಕಿಬಿಟ್ಟಿದ್ದಾರೆ! ಕಾಲ ಕೆಟ್ಟಿತು ಎಂದು ಗೊಣಗುವ ವಯಸ್ಸು ನನಗೂ ಬಂತು, ನಗಬೇಡಿ.

ತೊಂಬತ್ತರ ದಶಕದ ನಮ್ಮ ಹಾಸನದಲ್ಲಿ ಎಲ್ಲಿ ನೋಡಿದರೂ ಹಳದಿ. ಆಟೋಗಳ ತಲೆ ಹಳದಿ, ರೈಲ್ವೆ ಸ್ಟೇಷನ್ನಿನ ಬೋರ್ಡು ಹಳದಿ, ಅರಕಲಗೂಡಿನ ಕಡೆ ಬೇಯಿಸಿ ಹದ ಮಾಡಿದ ಹೊಗೆಸೊಪ್ಪು ಹಳದಿ. ಶುಕ್ರವಾರ ಬಂತೆಂದರೆ ಬೀದಿಯ ಹೊಸ್ತಿಲುಗಳೆಲ್ಲ ಹಳದಿ. ನಾನು ಕಾಲೇಜಿನಲ್ಲಿದ್ದಾಗ ಒಂದು ವರ್ಷ ಅಜ್ಜಿಯ ಕಣ್ಣೂ ಹಳದಿಯಾಯಿತು.

ಕಾಮಾಲೆ. ಡಾಕ್ಟರು ಕೈಚೆಲ್ಲಿದ್ದರು. ಅಕ್ಕನ ಮದುವೆ ಬೇರೆ ಗೊತ್ತಾಗಿತ್ತು. ನಡುಮನೆಯಲ್ಲಿ ನಾನು ಲಗ್ನಪತ್ರಿಕೆಗಳ ಮೂಲೆಗೆ ಅರಿಶಿನ ಹಚ್ಚುತ್ತಾ ಕೂತಿದ್ದರೆ, ಕೋಣೆಯೊಳಗಿಂದ ಅಜ್ಜಿ ಒಂದೇ ಸಮ ಕೇಳುತ್ತಿದ್ದಳು: "ನನ್ ಮಗಳು ಬಂದ್ಲೇನ್ಲಾ? ಅವಳ ಮಕ ಒಂದ್ಸಲ ನೋಡ್ಬೇಕು ಕಣ್ಲಾ."

"ಟೆಲಿಗ್ರಾಂ ಕೊಟ್ರೆ ಅವ್ವ ಓಗೇಬುಟ್ಲು ಅಂತ ಎದೆ ಒಡ್ಕತಾಳೆ. ಓಗಿ ಕರ್ಕಬರಾಕೆ ಮದ್ವೆ ಕೆಲ್ಸದಲ್ಲಿ ಯಾರ್ಗೂ ಬುಡುವಿಲ್ಲ. ಕಾಗ್ದ ಬರಿ," ಎಂದರು ಅಪ್ಪ. 'ಅಜ್ಜಿ ನಿನ್ನನ್ನೇ ಕೇಳುತ್ತಿದ್ದಾಳೆ, ಕೂಡಲೇ ಹೊರಟು ಬಾ' ಎಂದು ಹೊಳೆನರಸೀಪುರದ ಅತ್ತೆಗೆ ಇನ್‌ಲ್ಯಾಂಡ್ ಲೆಟರಿನಲ್ಲಿ ಬರೆದು, ಅಂಟಿಸಿ, ಓಡಿದೆ. ಕೈ ತೊಳೆದಿರಲಿಲ್ಲ. ಪೆಟ್ಟಿಗೆಯ ಬಾಯಿಗೆ ತುರುಕುವಾಗ ಮೂಲೆಯಲ್ಲಿ ನನ್ನ ಹೆಬ್ಬೆಟ್ಟಿನ ಹಳದಿ ಕಂಡಿತು. ಇರಲಿ ಬಿಡು ಎಂದುಕೊಂಡೆ, ಮಹಾ ಬುದ್ಧಿವಂತ.

ಅರಿಶಿನ ಮುಟ್ಟಿಸಿದ ಕಾಗದ ಬಂದರೆ ದೇವರ ಮುಂದಿಟ್ಟು, ಗಂಡಹೆಂಡಿರು ಒಟ್ಟಿಗೆ ಕೂತು ಒಡೆಯುವುದು ಅತ್ತೆಯ ಮನೆಯ ಪದ್ಧತಿ. ಕೆಲಸದ ಮೇಲೆ ಅರಕಲಗೂಡಿಗೆ ಹೋಗಿದ್ದ ಮಾವ ಬಂದದ್ದು ನಾಲ್ಕನೇ ದಿನ. ಅಷ್ಟು ದಿನವೂ ಅತ್ತೆ ಆ ಕಾಗದಕ್ಕೆ ಹೂವೇರಿಸಿ ಕೈಮುಗಿದಿದ್ದಳು. ಒಡೆದು ಓದಿದವರೇ ಬಸ್ಸು ಹತ್ತಿದರು. ಅವರು ನಮ್ಮ ಮನೆ ಮುಟ್ಟುವ ಹೊತ್ತಿಗೆ ಅಜ್ಜಿ ಹೋಗಿ ಒಂದು ಗಂಟೆಯಾಗಿತ್ತು.

"ಅರಿಶ್ನ ಇತ್ತಲ್ಲಣ್ಣ! ಮದ್ವೆ ಕಾಗ್ದ ಅಂತ ದೇವ್ರ ಮುಂದೆ ಮಡಗ್ಬುಟ್ಟೆ. ಯಾವ ಪಾಪಿ ಹಚ್ಚಿದ್ನೋ," ಎಂದು ಅತ್ತೆ ಹೆಣದ ಪಕ್ಕ ಕುಸಿದಳು.

"ಪೋಸ್ಟ್‌ನೋರ ಕೈಯಿಂದ ಅಂಟ್ಕಂಡಿರ್ಬೇಕು ಬುಡವ್ವ," ಎಂದರು ಅಪ್ಪ. ನಾನು ಅಲ್ಲೇ ಇದ್ದೆ. ಕೈ ಹಿಂದಕ್ಕೆ ಕಟ್ಟಿಕೊಂಡೆ.

ಆಮೇಲೆ ಅತ್ತೆ ಯಾವ ಕಾಗದ ಬಂದರೂ ಬಾಗಿಲಲ್ಲೇ ನಿಂತು ಒಡೆಯುತ್ತಿದ್ದಳು. ಅವರ ಬೀದಿಗೆ ಬರುತ್ತಿದ್ದ ಪೋಸ್ಟ್‌ಮ್ಯಾನ್‌ಗೆ ಪ್ರತಿ ಯುಗಾದಿಗೂ ಹೋಳಿಗೆ ಕೊಡುತ್ತಿದ್ದವಳು ಅದನ್ನೂ ನಿಲ್ಲಿಸಿದಳು. "ಅವನ ಮಕ ಕಂಡ್ರೆ ನಂಗೆ ಅವ್ವನ ನೆಪ್ಪಾಯ್ತದೆ ಕಣ್ಲಾ," ಎನ್ನುತ್ತಾ ನನ್ನ ಎಲೆಗೆ ಮಾತ್ರ ಇನ್ನೊಂದು ಹೋಳಿಗೆ ಹಾಕುತ್ತಿದ್ದಳು. ತಿನ್ನುತ್ತಿದ್ದೆ. ಎಷ್ಟೋ ಸಲ ಮಾತು ನಾಲಿಗೆಯ ತುದಿಗೆ ಬಂದು ಹೋಳಿಗೆಯ ಜೊತೆಯೇ ಒಳಗೆ ಹೋಯಿತು. ಆ ಪೋಸ್ಟ್‌ಮ್ಯಾನ್ ರಿಟೈರಾದ. ಹೋದ ವರ್ಷ ಅತ್ತೆಯೂ ಹೋದಳು. ಹೇಳಲು ಈಗ ನೀವೇ ಉಳಿದಿರುವುದು.

ಪತ್ರಿಕೆಯ ಮೂಲೆಯನ್ನು ಹೆಬ್ಬೆಟ್ಟಿನಿಂದ ಉಜ್ಜಿದೆ. ಅಚ್ಚಿನ ಹಳದಿ, ಏನೂ ಹತ್ತಲಿಲ್ಲ. ಆದರೂ ಎದ್ದುಹೋಗಿ ಸೋಪು ಹಾಕಿ ಕೈ ತೊಳೆದುಕೊಂಡೆ.