ಗಂಗತ್ತೆಯ ಸುದ್ದಿ ಹಲಗೆ

ಮೊದಲು ಒದ್ದೆ ಅರಿವೆಯ ಸದ್ದು. ಅದು ಹಲಗೆಯ ಮೇಲೆ ಎಡದಿಂದ ಬಲಕ್ಕೆ ಸರ್ರನೆ ಹೋಗಿ, ಮತ್ತೆ ಬಲದಿಂದ ಎಡಕ್ಕೆ ಬಂದು, ಬಕೆಟ್ಟಿನಲ್ಲಿ ಮುಳುಗಿ ಹಿಂಡಿಸಿಕೊಳ್ಳುತ್ತಿತ್ತು. ಆಮೇಲೆ ಸ್ವಲ್ಪ ಹೊತ್ತು ಏನೂ ಇಲ್ಲ, ಹಲಗೆ ಆರಬೇಕಲ್ಲ. ಆ ಬಿಡುವಿನಲ್ಲಿ ಸ್ಟೇಷನ್ನಿನ ಕಡೆಗೆ ಒಂದು ಟಾಂಗಾ ಹೋಗುವುದು, ಎದುರು ಮನೆಯ ಮಾಬುಸಾಬರು ಕಲಾಯಿ ಒಲೆಯ ತಿದಿಯನ್ನು ಒಮ್ಮೆ ಒತ್ತಿ ನೋಡುವುದು, ಒಳಗೆ ಅವ್ವ ಮಜ್ಜಿಗೆ ಕಡೆಯುವುದು ಕೇಳುತ್ತಿದ್ದವು. ಕೊನೆಗೆ ಸೀಮೆಸುಣ್ಣ. ಟಕ್ ಟಕ್, ಒಂದು ಉದ್ದ ಎಳೆತ, ಮತ್ತೆ ಟಕ್. ನಾನು ಹಾಸಿಗೆಯಲ್ಲಿ ಕಣ್ಣು ಮುಚ್ಚಿಕೊಂಡೇ ಸಾಲುಗಳನ್ನು ಎಣಿಸುತ್ತಿದ್ದೆ. ನಾಲ್ಕೈದು ಸಾಲಿಗೆ ಮುಗಿದರೆ ಊರಲ್ಲಿ ಎಲ್ಲ ನೆಟ್ಟಗಿದೆ ಅಂತ ಅರ್ಥ. ಎಂಟು ಹತ್ತು ದಾಟಿದರೆ ಏನೋ ನಡೆದಿದೆ. ಎದ್ದು ಓಡಿ ಹೋಗಿ ನೋಡುವವಳೇ.

ನಾನು ನಿವೃತ್ತಳಾಗಿ ಇದೇ ಊರಿಗೆ ಮರಳಿದ ಮೇಲೆ, ಈಗ ನಮ್ಮ ವಾರ್ಡಿನ ವಾಟ್ಸ್ಯಾಪ್ ಗ್ರೂಪು ಬೆಳಗಿನಿಂದ ಟಿಂಗ್ ಟಿಂಗ್ ಅನ್ನುತ್ತಲೇ ಇರುತ್ತದೆ. ನಲ್ಲಿ ನೀರು ಎಷ್ಟು ಗಂಟೆಗೆ, ಯಾವ ರಸ್ತೆ ಅಗೆದಿದ್ದಾರೆ, ಡ್ಯಾಮಿನ ಗೇಟು ತೆಗೆದರಾ ಇಲ್ಲವಾ, ಜಿಲ್ಲಾ ಕೇಂದ್ರವಾದ ಮೇಲೆ ಯಾವ ಆಫೀಸು ಎಲ್ಲಿಗೆ ಬಂತು. ಒಬ್ಬರು ಹಾಕಿದ್ದನ್ನು ಹತ್ತು ಜನ ಫಾರ್ವರ್ಡ್ ಮಾಡುತ್ತಾರೆ, ಮಧ್ಯಾಹ್ನದ ಹೊತ್ತಿಗೆ ಹನ್ನೊಂದನೆಯವರು ಸುಳ್ಳು ಅನ್ನುತ್ತಾರೆ. ನಾನು ಕನ್ನಡಕ ಏರಿಸಿಕೊಂಡು ಎಲ್ಲವನ್ನೂ ಓದುತ್ತೇನೆ. ಆನೆಸ್ಟ್ಲಿ ಹೇಳುತ್ತೇನೆ, ನನಗೆ ಬೇಸರವಿಲ್ಲ. ಊರು ಬೆಳೆಯಲಿ, ಫ್ಲೈಓವರ್ ಬರಲಿ, ನನ್ನ ಮಂಡಿಗೆ ಆ ಹೊಸ ಆಸ್ಪತ್ರೆಯ ಲಿಫ್ಟು ಎಷ್ಟು ಸುಖ ಕೊಟ್ಟಿದೆ ಅಂತ ನನಗೇ ಗೊತ್ತು. ಆದರೆ ಪ್ರತಿ ಟಿಂಗಿಗೂ ನನ್ನ ಕಿವಿ ಆ ಅರಿವೆಯ ಸರ್ರನೆಯ ಸದ್ದನ್ನು ಕಾಯುತ್ತದೆ. ನಿಮಗೂ ಹೀಗೆ ಯಾವುದೋ ಒಂದು ಸದ್ದಿನ ಚಟ ಉಳಿದಿರಬೇಕು, ಅಲ್ಲವೇ?

ಗಂಗತ್ತೆ ಅಪ್ಪನ ಅಕ್ಕ. ಮದುವೆಯಾದ ಎರಡೇ ವರ್ಷಕ್ಕೆ ಗಂಡನನ್ನು ಕಳೆದುಕೊಂಡು ತಮ್ಮನ ಮನೆಗೆ ಬಂದವಳು. ಓದಿದ್ದು ನಾಲ್ಕನೇ ಇಯತ್ತೆ. ಅಕ್ಷರ ಮಾತ್ರ ಜೋಳದ ಕಾಳು ಸಾಲಾಗಿ ಇಟ್ಟ ಹಾಗೆ. ನಮ್ಮ ಕಾನ್ವೆಂಟಿನ ಸಿಸ್ಟರ್ ಒಮ್ಮೆ ಮನೆಗೆ ಬಂದಾಗ ಹಲಗೆಯ ಮುಂದೆ ನಿಂತು, "ವಾಟ್ ಅ ಹ್ಯಾಂಡ್!" ಅಂದಿದ್ದರು. ಅತ್ತೆ ಗಾಬರಿಯಾಗಿ ತನ್ನ ಅಂಗೈ ತಿರುಗಿಸಿ ನೋಡಿಕೊಂಡಿದ್ದಳು. ಅಪ್ಪನದು ಕಂಪ್ಲಿಯಿಂದ ಭತ್ತ ತರಿಸುವ ವ್ಯಾಪಾರ. ಬಂಡಿಯವರು, ಲಾರಿಯವರು, ಸಂಡೂರಿನ ಗಣಿಯ ಕ್ಲಾರ್ಕುಗಳು, ಹಂಪಿ ನೋಡಿ ಬಂದವರು, ಎಲ್ಲರೂ ನಮ್ಮ ಮನೆಯ ಮುಂದಿನ ಕಟ್ಟೆಯ ಮೇಲೆ ಒಂದು ಗಳಿಗೆ ಕೂತು ಹೋಗುವವರೇ. ಅವರ ಮಾತನ್ನೆಲ್ಲ ಪಡಸಾಲೆಯ ಕಿಟಕಿಯ ಒಳಗಿನಿಂದ ಕೇಳಿ ಕೇಳಿ ಅತ್ತೆಗೆ ಊರೇ ತಲೆಯಲ್ಲಿ ತುಂಬಿಕೊಂಡಿತ್ತು. ಹೊರಗೆ ಓಡಾಡುವ ಹಾಗಿಲ್ಲ, ಹೇಳಿಕೊಳ್ಳದೆ ಇರುವ ಸ್ವಭಾವವಲ್ಲ. ಒಂದು ಹಳೆಯ ಬಾಗಿಲಿಗೆ ಕರಿ ಬಣ್ಣ ಬಳಿಸಿ ಕಟ್ಟೆಯ ಗೋಡೆಗೆ ಹೊಡೆಸಿಕೊಟ್ಟವರು ಅಪ್ಪನೇ. "ಬರಕೋ ಅಕ್ಕ, ನನ್ನ ತಲಿ ತಿನ್ನೋದಾದ್ರೂ ತಪ್ಪತೈತಿ" ಅಂದಿದ್ದರಂತೆ.

ಶುರುವಿನಲ್ಲಿ ಅತ್ತೆ ಕೇಳಿದ್ದನ್ನೆಲ್ಲ ಬರೆಯುತ್ತಿದ್ದಳು. ಒಂದು ಮಳೆಗಾಲದಲ್ಲಿ ಯಾರೋ ಒಬ್ಬ ಬಂಡಿಯವನ ಮಾತು ನಂಬಿ, ಕಂಪ್ಲಿ ಸೇತುವೆ ಮುಳುಗಿದೆ ಅಂತ ಬರೆದುಬಿಟ್ಟಳು. ಆ ಸೇತುವೆ ದಾಟಿ ಗಂಗಾವತಿ ಕಡೆ ಹೋಗಬೇಕಾಗಿದ್ದ ಒಂದು ಮದುವೆ ದಿಬ್ಬಣ ಹಲಗೆ ಓದಿ, ಎತ್ತು ಬಿಚ್ಚಿ, ನಮ್ಮ ಬೀದಿಯಲ್ಲೇ ಕೂತಿತು. ಸೇತುವೆ ಮುಳುಗಿರಲಿಲ್ಲ. ಆಚೆ ದಂಡೆಯಲ್ಲಿ ಹೆಣ್ಣಿನವರು ಹೋಳಿಗೆ ಇಟ್ಟುಕೊಂಡು ಸಂಜೆಯವರೆಗೆ ಕಾದರು. ಮುಹೂರ್ತ ಮರುದಿನಕ್ಕೆ ಹೋಯಿತು. ಮದುಮಗನ ಸೋದರಮಾವ ಬಂದು, "ಗಂಗವ್ವ, ಮುಂದಿನ ಸಲ ನಮ್ಮ ಹುಡುಗನ ಹೆಣ್ತೀನೂ ನೀನ ಬರದು ಕೊಟ್ಟುಬಿಡು, ನಮಗ ಹೋಗೋ ತ್ರಾಸ ಇಲ್ಲ" ಅಂದು ಹೋದನಂತೆ. ಅಂದಿನಿಂದ ಅತ್ತೆ ಒಂದು ನೇಮ ಹಿಡಿದಳು. ಯಾವ ಸುದ್ದಿಯಾದರೂ ಎರಡು ಬಾಯಿಂದ ಬರಬೇಕು. ಒಂದು ಬಾಯಿ ಇನ್ನೊಂದರಿಂದ ಕೇಳಿ ಹೇಳಿದ್ದಾಗಿರಬಾರದು. ಹೇಳಿದವರು ಯಾರು ಅಂತ ಅವಳು ಯಾರಿಗೂ ಹೇಳಳು. ದರೋಜಿಯಲ್ಲಿ ಕರಡಿ ಬಾವಿಗೆ ಬಿದ್ದದ್ದು, ಕಾಲುವೆಗೆ ನೀರು ಬಿಡುವ ದಿನ, ಮರಿಯಮ್ಮನಹಳ್ಳಿ ಬಸ್ಸಿನ ಹೊಸ ಟೈಮು, ಎಲ್ಲಕ್ಕೂ ಅದೇ ನೇಮ. "ಒಂದ ಬಾಯಿ ಬಂದೈತಿ" ಅನ್ನುತ್ತ ಅವಳು ಕಿಟಕಿಯ ಹತ್ತಿರ ಸುಳಿದಾಡುತ್ತಿದ್ದರೆ, ಎರಡನೆಯದು ಬರುವತನಕ ಮನೆಯಲ್ಲಿ ಸಾರಿಗೆ ಉಪ್ಪು ಬೀಳುತ್ತಿರಲಿಲ್ಲ.

ನನಗೆ ಹತ್ತು ವರ್ಷವಿದ್ದಾಗ ನಮ್ಮ ಬೀದಿಯನ್ನು ಅಗಲ ಮಾಡಲು ಬಂದರು. ಲಾರಿಗಳು ಹೆಚ್ಚಾಗಿದ್ದವು, ಎರಡು ಲಾರಿ ಎದುರುಬದುರಾದರೆ ಒಂದು ನಮ್ಮ ಕಟ್ಟೆ ಸವರಿಕೊಂಡೇ ಹೋಗಬೇಕು. ಓವರ್‌ಸಿಯರು ಬಿಳಿ ಪ್ಯಾಂಟು ಹಾಕಿಕೊಂಡು, ಟೇಪು ಹಿಡಿಯುವ ಆಳಿನ ಜೊತೆ ಬೀದಿಯ ನಡುವೆ ನಿಂತು ಅಳೆದ. ಎರಡೂ ಬದಿಗೆ ಸಮ. ನಮ್ಮ ಕಟ್ಟೆ ಮತ್ತು ಅರ್ಧ ಪಡಸಾಲೆ ಹೋಗುತ್ತದೆ, ಮಾಬುಸಾಬರ ಕಲಾಯಿ ಒಲೆಯ ಚಪ್ಪರ ಹೋಗುತ್ತದೆ. ಅಪ್ಪ ಅವನನ್ನು ಒಳಗೆ ಕರೆದು ಮಂಡಕ್ಕಿ ಒಗ್ಗರಣೆ, ಮಿರ್ಚಿ ಕೊಡಿಸಿದರು. ತಟ್ಟೆ ಹಿಡಿದುಕೊಂಡು ಹೋದವಳು ನಾನೇ. ಓವರ್‌ಸಿಯರು ಮಿರ್ಚಿಯ ತುದಿ ಕಚ್ಚಿ, ಉಸ್ ಉಸ್ ಅನ್ನುತ್ತ ಹೇಳಿದ: "ಗೆರಿ ಒಂದ ಐದಾರ ಅಡಿ ಆ ಕಡಿ ಸರಸಿದ್ರ ನಿಮ್ಮ ಮನಿ ಪೂರಾ ಉಳೀತೈತ್ರಿ. ಕಾಗದದ ಮ್ಯಾಲ ಇನ್ನೂ ಏರಿಲ್ಲ."

"ಆ ಕಡಿ ಒಂದ ಖೋಲಿ ಮನಿ ಐತಲ್ರಿ" ಅಂದರು ಅಪ್ಪ.

"ಅದು ಹೋಕ್ಕೈತಿ."

ಅಪ್ಪ ತುಸು ಹೊತ್ತು ತಮ್ಮ ಪಡಸಾಲೆಯ ಸಾಗುವಾನಿ ಕಂಬಗಳನ್ನು ನೋಡುತ್ತ ಕೂತರು. ಅವು ಅಜ್ಜ ನಿಲ್ಲಿಸಿದ ಕಂಬಗಳು. ಆಮೇಲೆ, "ನೋಡ್ರಿ, ನಿಮ್ಮ ಕೈಯಾಗಿಂದು" ಅಂದರು. ಅಷ್ಟೇ. ನನಗೆ ಎಲ್ಲ ತಿಳಿಯಿತು. ಮಾಬುಸಾಬರು ನನಗೆ ಬಾಲ್ಯದಿಂದ ಗೊತ್ತು. ಪಾತ್ರೆಗೆ ತವರ ಬಳಿದು ಬೆಳ್ಳಗೆ ಮಾಡಿ, "ಬಾ ಬೇಟಿ, ಇದರಾಗ ನಿನ್ನ ಮುಖ ನೋಡಕೋ, ನಿಮ್ಮ ಇಂಗ್ಲಿಷ್ ಸಾಲಿ ಕನ್ನಡೀಕಿಂತ ಚಂದ ಕಾಣ್ತಿ" ಅನ್ನುತ್ತಿದ್ದವರು. ಅವರಿಗೆ, ಅವರ ಹೆಂಡತಿ ಫಾತಿಮಾಬೀಗೆ ಇದ್ದದ್ದು ಆ ಒಂದು ಖೋಲಿ.

ಟೇಪಿನ ಆಳು ಹಿತ್ತಲಿಗೆ ನೀರು ಕುಡಿಯಲು ಬಂದಾಗ ಅತ್ತೆಗೆ ಖುಷಿಯ ಸುದ್ದಿ ಅಂತಲೇ ಹೇಳಿದ್ದ: ನಿಮ್ಮ ಮನಿ ಉಳೀತು ಬಿಡ್ರಿ ಅಮ್ಮ. ಅದು ಒಂದು ಬಾಯಿ. ಸಂಜೆ ಅತ್ತೆ ನನ್ನನ್ನು ಮುಂದೆ ಕೂರಿಸಿಕೊಂಡು ಜಡೆ ಹಾಕುತ್ತ, "ವಿಮಲಿ, ಮುಂಜಾನೆ ಆ ಓವರ್‌ಸಿಯರ್ ಏನಂದ? ನೀ ಅಲ್ಲೇ ಇದ್ದೆಲ್ಲ" ಅಂದಳು. ಆ ವಾರವೇ ಮಾರಲ್ ಸೈನ್ಸ್ ಕ್ಲಾಸಿನಲ್ಲಿ ಸತ್ಯ ಹೇಳುವ ಹುಡುಗಿ ಅಂತ ಸಿಸ್ಟರ್ ನನಗೊಂದು ಹೋಲಿ ಪಿಕ್ಚರ್ ಕೊಟ್ಟಿದ್ದರು. ರೆಕ್ಕೆಯಿದ್ದ ಒಬ್ಬ ಏಂಜೆಲ್. ನಾನು ಅಪ್ಪನ ಮುಖ ನೆನೆಸಿಕೊಂಡೆ. "ನನಗ ಕೇಳಲಿಲ್ಲ ಅತ್ತಿ, ನಾ ತಟ್ಟಿ ಇಟ್ಟು ಬಂದೆ" ಅಂದೆ. ಜಡೆಯೊಳಗೆ ಅವಳ ಕೈ ನಿಂತಿತು. ಮತ್ತೆ ಹೆಣೆಯತೊಡಗಿತು, ಮೊದಲಿಗಿಂತ ಬಿಗಿಯಾಗಿ. ಮನೆ ಉಳಿಯಿತು ಅಂತ ನಾನು ನಿದ್ದೆ ಮಾಡಿದೆ.

ಮರುದಿನ ಸೀಮೆಸುಣ್ಣ ನಿಲ್ಲಲೇ ಇಲ್ಲ. ಹತ್ತು ಸಾಲಾಯಿತು, ಹನ್ನೊಂದಾಯಿತು. ನಾನು ಓಡಿ ಬಂದಾಗ ಹಾಲಿನವರು, ಹೂವಿನವರು, ಮಿಲ್ಲಿಗೆ ಹೊರಟ ಹೆಂಗಸರು ಆಗಲೇ ಗುಂಪು ಕಟ್ಟಿದ್ದರು. ಓದು ಬಂದವರು ಬಾರದವರಿಗೆ ಗಟ್ಟಿಯಾಗಿ ಓದುತ್ತಿದ್ದರು. ರಸ್ತೆ ಅಳೆಯುವವರು ಬಂದಿದ್ದರು, ಗೆರೆ ಎರಡೂ ಬದಿಗೆ ಸಮನಾಗಿ ಬಂದಿತ್ತು, ಈಗ ನಮ್ಮ ಮನೆ ಉಳಿಸಲು ಅದನ್ನು ಎದುರು ಬದಿಗೆ ಸರಿಸುವ ಮಾತು ನಡೆದಿದೆ, ಹಾಗಾದರೆ ಮಾಬುಸಾಬರ ಮನೆ ಪೂರ್ತಿ ಹೋಗುತ್ತದೆ. ಎಲ್ಲ ಅದೇ ಜೋಳದ ಕಾಳಿನ ಅಕ್ಷರದಲ್ಲಿ. ಅಪ್ಪ ಒಂದು ಕೆನ್ನೆಗೆ ಸೋಪು ಹಚ್ಚಿಕೊಂಡವರು ಹಾಗೆಯೇ ಹೊರಗೆ ಬಂದರು. ಮಾಬುಸಾಬರು ಬೀದಿ ದಾಟಿ ಬಂದು ಎದುರು ನಿಂತರು.

"ಅಣ್ಣಾರ, ಇದು ಖರೇ ಏನ್ರಿ?"

ಅಪ್ಪ ಸೋಪು ಒರೆಸಿಕೊಂಡರು. "ಗಂಗಕ್ಕ ಬರದಾಳ ಅಂದ್ರ ಖರೇನ."

"ಮತ್ತ?"

"ಮತ್ತೇನು? ಓವರ್‌ಸಿಯರ್ ಬರ್ಲಿ. ನೆಟ್ಟಗ ಅಳೀ ಅಂತ ಇಬ್ರೂ ಕೂಡಿ ಹೇಳೋಣು."

ಫಾತಿಮಾಬೀ ತಮ್ಮ ಬಾಗಿಲಲ್ಲೇ ನಿಂತು ಸೆರಗಿನಿಂದ ಬಾಯಿ ಮುಚ್ಚಿಕೊಂಡಿದ್ದರು. ನಕ್ಕರೋ ಅತ್ತರೋ ನನಗೆ ಕಾಣಲಿಲ್ಲ. ಊರೆಲ್ಲ ಓದಿದ ಮೇಲೆ ಓವರ್‌ಸಿಯರಿಗೂ ಗೆರೆ ಸರಿಸುವ ಧೈರ್ಯ ಬರಲಿಲ್ಲ. ನೆಟ್ಟಗೆ ಅಳೆದೇ ಕೆಂಪು ಬಣ್ಣ ಹಚ್ಚಿ ಹೋದ.

ನಮ್ಮ ಕಟ್ಟೆ ಹೋಯಿತು. ಪಡಸಾಲೆ ಅರ್ಧವಾಯಿತು. ಆ ಅರ್ಧ ಮನೆಯಲ್ಲಿ ನಾವು ಕಳೆದ ವರ್ಷಗಳು ನನ್ನ ಜೀವನದ ಅತ್ಯಂತ ಸುಖದ ವರ್ಷಗಳು ಅಂದರೆ ನೀವು ನಗುತ್ತೀರಿ. ಜಾಗ ಕಡಿಮೆಯಾದದ್ದಕ್ಕೆ ಎಲ್ಲರೂ ಒಂದೇ ಕೋಣೆಯಲ್ಲಿ ಊಟ, ಒಂದೇ ದೀಪದಡಿ ನನ್ನ ಹೋಂವರ್ಕು, ಅಪ್ಪನ ಪೇಪರು, ಅವ್ವನ ಸೊಪ್ಪು ಸೋಸುವುದು. ಮಾಬುಸಾಬರು ತಮ್ಮ ಒಲೆಯನ್ನು ಮನೆಯ ಪಕ್ಕದ ಸಂದಿಗೆ ಸರಿಸಿಕೊಂಡರು. ಕಲಾಯಿಗೆ ಹಾಕುವ ನವಸಾಗರದ ಘಾಟು ಹೊಗೆ ರಸ್ತೆ ದಾಟಿ ನಮ್ಮ ಅಡುಗೆಮನೆಗೇ ನುಗ್ಗುತ್ತಿತ್ತು, ಅವ್ವ ಬೈಯುತ್ತಿದ್ದಳು, ರಂಜಾನಿಗೆ ಬಂದ ಶಾವಿಗೆಯ ಸುರಕುಂಬಾ ಕುಡಿದು ಸುಮ್ಮನಾಗುತ್ತಿದ್ದಳು. ಹಲಗೆಯನ್ನು ಹೊಸ ಗೋಡೆಗೆ, ರಸ್ತೆಗೆ ಇನ್ನೂ ಹತ್ತಿರಕ್ಕೆ ಹೊಡೆದರು. ಲಾರಿಯವರು ಇಂಜಿನ್ ಆರಿಸದೆ ಬಗ್ಗಿ ಓದಿ ಹೋಗುತ್ತಿದ್ದರು. ಅಪ್ಪ ಮಾತ್ರ ಬಂದವರ ಮುಂದೆಲ್ಲ, "ನನ್ನ ಅಕ್ಕ ಅಲ್ರಿ ಇಕಿ, ಮುನಸಿಪಾಲ್ಟಿಯಾಕಿ! ಸ್ವಂತ ಮನಿ ಕೆಡವಿಸಿದ್ಲು" ಅಂತ ದೂರುತ್ತಿದ್ದರು. ಅತ್ತೆ ಒಳಗಿನಿಂದ, "ಊಟಕ್ಕ ಏಳು, ಆರಿ ಹೋಕ್ಕೈತಿ" ಅನ್ನುತ್ತಿದ್ದಳು.

ನನ್ನೊಳಗೆ ಮಾತ್ರ ಒಂದು ಮುಳ್ಳು ಉಳಿಯಿತು. ನಾನು ಇಲ್ಲ ಅಂದ ಮೇಲೆ ಎರಡನೆಯ ಬಾಯಿ ಎಲ್ಲಿಂದ ಬಂತು? ಅತ್ತೆ ನನ್ನ ಸುಳ್ಳಿನಿಂದಾಗಿ ತನ್ನ ನೇಮವನ್ನೇ ಮುರಿದಳೇ? ಆ ಏಂಜೆಲ್ ಚಿತ್ರವನ್ನು ನಾನು ಮಾರಲ್ ಸೈನ್ಸ್ ಪುಸ್ತಕದಲ್ಲಿ ಮುಖ ಕೆಳಗೆ ಮಾಡಿ ಇಟ್ಟುಬಿಟ್ಟೆ. ಅತ್ತೆಯನ್ನು ಕೇಳಬೇಕು ಅಂತ ಎಷ್ಟೋ ಸಲ ಬಾಯಿ ತೆರೆದಿದ್ದೇನೆ. ಮದುವೆಯಾಗಿ ಸಂಡೂರಿಗೆ ಹೋದೆ, ಯಶವಂತನಗರದ ಶಾಲೆಯಲ್ಲಿ ಇಂಗ್ಲಿಷ್ ಕಲಿಸಿದೆ, ಮಕ್ಕಳಿಗೆ ನಾನೇ ಟ್ರುತ್, ಟ್ರುತ್ ಅಂತ ಬೋಧಿಸಿದೆ. ಅಷ್ಟರಲ್ಲಿ ಅತ್ತೆ ಒಂದು ಮಧ್ಯಾಹ್ನ ಮಲಗಿದವಳು ಏಳಲಿಲ್ಲ. ಆ ಸುದ್ದಿ ಬರೆಯುವವರು ಮನೆಯಲ್ಲಿ ಯಾರೂ ಇರಲಿಲ್ಲ. ಮಾಬುಸಾಬರು ಹಲಗೆಯನ್ನು ಒದ್ದೆ ಅರಿವೆಯಿಂದ ಒರೆಸಿ ಖಾಲಿ ಬಿಟ್ಟರು. ಅದನ್ನು ನೋಡಿಯೇ ಬೀದಿಯ ಜನ ಒಳಗೆ ಬಂದರಂತೆ.

ಮುಂದಿನ ವರ್ಷ ನಾನು ನಾಲ್ಕು ದಿನ ತವರಿಗೆ ಬಂದು ಹಿಂತಿರುಗುವಾಗ ಅಪ್ಪ ನನ್ನನ್ನು ಬಸ್ಸಿಗೆ ಹತ್ತಿಸಲು ಬಂದರು. ಸಂಡೂರಿನ ಬಸ್ಸು ಮನೆಯ ಮುಂದೆಯೇ ನಿಲ್ಲುತ್ತಿತ್ತು, ರಸ್ತೆಯ ಆಚೆ ಬದಿ. ಬಸ್ಸು ಕಾಯುತ್ತ ನಿಂತಾಗ ಏನನ್ನಿಸಿತೋ, ಹೇಳಿಬಿಟ್ಟೆ. "ಅಪ್ಪ, ಅವತ್ತು ಅತ್ತಿ ಕೇಳಿದಾಗ ನಾ ಸುಳ್ಳ ಹೇಳಿದ್ದೆ. ಪಾಪ, ಒಂದ ಬಾಯಿ ಮ್ಯಾಲ ಬರದುಬಿಟ್ಲು ಕಾಣಸ್ತೈತಿ, ನನ್ನ ಸಲುವಾಗಿ."

ಅಪ್ಪ ನನ್ನನ್ನು ತಿರುಗಿ ನೋಡಿದರು. "ಅಕಿ? ಒಂದ ಬಾಯಿ ಮ್ಯಾಲ? ಹುಚ್ಚಿ. ನಿನ್ನ ಜಡಿ ಹಾಕಿ ಸೀದಾ ನನ್ನ ಹತ್ರ ಬಂದ್ಲು. ಊಟಕ್ಕ ಕುಂತಿದ್ದೆ. ತಾಟಿಗೆ ರೊಟ್ಟಿ ಹಾಕಿ, 'ತಮ್ಮಾ, ಗೆರಿ ಸರಸೋ ಮಾತು ಹೌದೋ ಅಲ್ಲೋ' ಅಂದ್ಲು. ಅಕ್ಕನ ಮುಂದ ಹೆಂಗ ಅಲ್ಲ ಅನ್ಲಿ? ಹೌದು ಅಂದೆ. 'ಬರೀಲಾ?' ಅಂದ್ಲು. ಇನ್ನೊಂದ ರೊಟ್ಟಿ ಹಾಕು ಅಂದೆ."

"ಮತ್ತ ಇಷ್ಟ ವರ್ಷ ಎಲ್ಲಾರ ಮುಂದ ಅಕಿಗೆ ಬೈದದ್ದು?"

"ಬೈಬಾರದೇನು? ಮನಿ ಹೋತಲ್ಲ ನಂದು!"

ಇಬ್ಬರೂ ಹೇಗೆ ನಕ್ಕೆವೆಂದರೆ ಪಕ್ಕದಲ್ಲಿದ್ದ ಸೀಬೆಹಣ್ಣಿನ ಹೆಂಗಸೂ ಕಾರಣ ತಿಳಿಯದೆ ನಗತೊಡಗಿದಳು. ಬಸ್ಸು ಬಂತು. ಅಪ್ಪ ನನ್ನ ಚೀಲವನ್ನು ಕಿಟಕಿಯಿಂದ ಒಳಗೆ ತೂರಿಸಿ, "ಮುಟ್ಟಿದ ಮ್ಯಾಲ ಕಾಗದ ಬರಿ" ಅಂದು ಮನೆಯ ಕಡೆ ರಸ್ತೆ ದಾಟತೊಡಗಿದರು. ಹಿಂದೆ ನಮ್ಮ ಕಟ್ಟೆ ಇದ್ದ ಜಾಗಕ್ಕೆ ಬಂದಾಗ ಚಪ್ಪಲಿಯಲ್ಲಿ ಕಲ್ಲು ಸೇರಿರಬೇಕು. ಒಂದು ಕಾಲ ಮೇಲೆ ನಿಂತು, ಚಪ್ಪಲಿ ತೆಗೆದು, ನಿಧಾನವಾಗಿ ಜಾಡಿಸಿದರು. ಅದಿರಿನ ಲಾರಿಯೊಂದು ಹತ್ತಿರ ಬಂದು ನಿಂತು ಹಾರ್ನ್ ಹಾಕಿತು, ಹಿಂದೆ ಇನ್ನೊಂದು ನಿಂತಿತು. ಅಪ್ಪ ಅವುಗಳ ಕಡೆ ನೋಡದೆ, ತಾಳು ಅನ್ನುವ ಹಾಗೆ ಅಂಗೈ ಎತ್ತಿ ಹಿಡಿದು, ಕಲ್ಲು ಬಿತ್ತೋ ಇಲ್ಲವೋ ಅಂತ ಚಪ್ಪಲಿಯೊಳಗೆ ಇಣುಕುತ್ತಿದ್ದರು. ನನ್ನ ಬಸ್ಸು ತಿರುವಿನಲ್ಲಿ ಹೊರಳಿತು.